‘ಹಾಗೆ’ ಬಿಟ್ಟುಹೋದಾಗ: ನಾನು ಸೇರಿದ ಓದಿನ ಕ್ಲಾಸು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಭಾನುವಾರ ಸಂಜೆ ನಡೆಯುವ ಕಾದಂಬರಿ ಓದಿನ ಕ್ಲಾಸಿಗೆ 4 ವಾರ ಹೋದೆ. ಫೀಸು 500 ರೂಪಾಯಿ. ಅದಕ್ಕಿಂತ ಜಾಸ್ತಿಯೇ ಸಿಕ್ಕಿತು.

ಮೂರನೇ ವಾರವನ್ನು ಮರೆಯಲಾರೆ. ಗಂಡ ಹೆಂಡತಿಗೆ ಹೇಳುವ ಎರಡು ಮಾತನ್ನು ಮೇಡಂ ಬೋರ್ಡಿನ ಮೇಲೆ ಬರೆದರು. ‘ನೀನು ಬೇವಿನ ನೆರಳಿದ್ದ ಹಾಗೆ.’ ‘ನೀನೇ ನನ್ನ ನೆರಳು.’ ಮೊದಲನೆಯದು ಉಪಮೆ, ಎರಡನೆಯದು ರೂಪಕ. ಇಷ್ಟು ಶಾಲೆಯಲ್ಲೇ ಕಲಿತಿದ್ದೆವು. ಆದರೆ ‘ಹಾಗೆ’ ಇರುವವರೆಗೆ ಅವನು ದೂರ ನಿಂತು ಹೋಲಿಸುತ್ತಾನೆ, ಅದು ಹೋದರೆ ನಡುವಿನ ಅಂತರವೂ ಹೋಗುತ್ತದೆ ಅಂದರು. ಆಗ ಹಿಂದೆ ಕೂತಿದ್ದ ಅಕ್ಕ ಒಬ್ಬರು ಕೇಳಿದರು: ‘ನನ್ನ ನೆರಳು ಅಂದರೆ ಅವನ ಬೆನ್ನ ಹಿಂದೆ ನಡೆಯುವವಳು ಅಂತಲೂ ಆಗುತ್ತೆ, ಅಲ್ವಾ?’ ಅರ್ಧ ಗಂಟೆ ಅದೇ ಚರ್ಚೆ. ತಂಪು ಕೊಡುವ ನೆರಳು ಪ್ರೀತಿ, ಹಿಂಬಾಲಿಸುವ ನೆರಳು ಹಿಡಿತ. ಪದ ಮಾತ್ರ ಒಂದೇ!

ಉಪಮೆ, ರೂಪಕಗಳ ಬಗ್ಗೆ ಹೇಳುವ 9ನೇ ಶತಮಾನದ ‘ಕವಿರಾಜಮಾರ್ಗ’ ಹುಟ್ಟಿದ್ದು ನಮ್ಮ ಮಳಖೇಡದ ರಾಷ್ಟ್ರಕೂಟರ ಆಸ್ಥಾನದಲ್ಲಿ. ಅದನ್ನು ಕೇಳಿ ಹೆಮ್ಮೆಯಾಯಿತು.

ಫ್ಯಾನು ಒಂದೇ, ಸೆಕೆ ಜಾಸ್ತಿ. ಸಮಯವೂ ಸಾಲುವುದಿಲ್ಲ. ಸೇರುವವರು ಪೆನ್ಸಿಲ್ ತಗೊಂಡು ಹೋಗಿ. ನಾನೀಗ ಪ್ರತಿ ಪುಟದಲ್ಲೂ ‘ಹಾಗೆ’ಗೆ ಗೆರೆ ಎಳೆಯುತ್ತಿದ್ದೇನೆ.