ಸಂಘದ ಕೆಲಸಕ್ಕೆ ವಾಟ್ಸ್ಯಾಪ್ ಕಮ್ಯುನಿಟಿ: ಸೂಚನಾಫಲಕಕ್ಕೆ ಸೈ, ಕಡತಕ್ಕೆ ಸಾಲದು

ಡೊಂಬಿವಲಿಗೊಂದು, ಥಾಣೆಗೊಂದು, ಮೀರಾ ರೋಡಿಗೊಂದು, ಮಹಿಳಾ ವಿಭಾಗಕ್ಕೆ ಬೇರೆ, ಯಕ್ಷಗಾನ ತಂಡಕ್ಕೆ ಬೇರೆ. ಮುಂಬೈಯ ಕನ್ನಡ ಸಂಘದ ಕಾರ್ಯದರ್ಶಿಯ ಫೋನಿನಲ್ಲಿ ಇಷ್ಟು ವಾಟ್ಸ್ಯಾಪ್ ಗುಂಪುಗಳು ಇದ್ದೇ ಇರುತ್ತವೆ. ಒಂದೇ ಆಮಂತ್ರಣವನ್ನು ಎಲ್ಲರಿಗೂ ಫಾರ್ವರ್ಡ್ ಮಾಡಹೊರಟರೆ ಒಂದು ಸಲಕ್ಕೆ ಐದೇ ಕಡೆ. ಈ ಮಿತಿ ಸುಮ್ಮನೆ ಬಂದದ್ದಲ್ಲ. 2018ರ ಜುಲೈ 1ರಂದು ನಮ್ಮ ಮಹಾರಾಷ್ಟ್ರದ್ದೇ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಮಕ್ಕಳ ಕಳ್ಳರೆಂಬ ಗಾಳಿಸುದ್ದಿಗೆ ಐದು ಜೀವ ಹೋಯಿತು. ಅದೇ ತಿಂಗಳು ಭಾರತದಲ್ಲಿ ಐದರ ಮಿತಿ ಪ್ರಕಟವಾಯಿತು. ಅದು ಇರಲೇಬೇಕು. ಅದರಿಂದ ಸಂಘಗಳಿಗಾಗುವ ತೊಡಕನ್ನು 2022ರ ನವೆಂಬರ್‌ನಲ್ಲಿ ಬಂದ ಕಮ್ಯುನಿಟಿ, ಅಂದರೆ ಹಲವು ಗುಂಪುಗಳನ್ನು ಒಂದೇ ಸೂರಿನಡಿ ತರುವ ಸೌಲಭ್ಯ, ಬಿಡಿಸಿದೆ.

ಇರುವ ಗುಂಪುಗಳನ್ನೆಲ್ಲ ಒಂದು ಕಮ್ಯುನಿಟಿಗೆ ಸೇರಿಸಿದರೆ ಸದಸ್ಯರೆಲ್ಲ ತಾವಾಗಿ ಪ್ರಕಟಣೆ ಗುಂಪಿಗೆ ಬರುತ್ತಾರೆ. ಅಲ್ಲಿ ಹೊಸ ಸಂದೇಶ ಹಾಕುವುದು ಅಡ್ಮಿನ್‌ಗಳು ಮಾತ್ರ. ಉತ್ತರಗಳು ಆಯಾ ಪ್ರಕಟಣೆಯ ಕೆಳಗೇ ಮಡಚಿಕೊಳ್ಳುತ್ತವೆ, ಎಲ್ಲರ ಫೋನೂ ಟಿಂಗೆನ್ನುವುದಿಲ್ಲ. ಸದಸ್ಯರ ನಂಬರೂ ಅಲ್ಲಿ ಪರಸ್ಪರ ಕಾಣದು. ಹೆಣ್ಣುಮಕ್ಕಳಿರುವ ಸಂಘಕ್ಕೆ ಇದೊಂದೇ ಕಾರಣ ಸಾಕು. ಆದರೆ ಒಳಗಿನ ಗುಂಪುಗಳಲ್ಲಿ ನಂಬರ್ ಕಾಣುತ್ತದೆ, ಇದನ್ನು ಮೊದಲೇ ಹೇಳಿಬಿಡಿ. ಅಡ್ಮಿನ್‌ಗಳು ಕನಿಷ್ಠ ಮೂವರಿರಲಿ.

ಊಟದ ಲೆಕ್ಕಕ್ಕೆ ಪೋಲ್ ಹಾಕುವವರು ಎಡವುವುದು ಎರಡು ಕಡೆ. ಮೊದಲನೆಯದು, ಒಂದಕ್ಕಿಂತ ಹೆಚ್ಚು ಉತ್ತರ ಒತ್ತುವ ಅವಕಾಶ ತೆರೆದೇ ಬರುತ್ತದೆ. ಕಳಿಸುವ ಮುನ್ನ ಆ ಗುಂಡಿಯನ್ನು ಆಫ್ ಮಾಡಬೇಕು. ಎರಡನೆಯದು, ಒಂದು ಫೋನಿಗೆ ಒಂದು ಮತ. ‘ಬರುತ್ತೇನೆ’ ಎಂದು 60 ಮಂದಿ ಒತ್ತಿದರೆ ಎಲೆಯ ಮುಂದೆ ಕೂರುವವರು 60 ಅಲ್ಲ, ಹಿಂದೆ ಮನೆಮಂದಿ ಇದ್ದಾರೆ. ಆಯ್ಕೆಗಳನ್ನು ‘1 ಜನ’, ‘2 ಜನ’, ‘3 ಜನ’ ಎಂದೇ ಕೊಡಿ. 12 ಆಯ್ಕೆಗಳಿಗೆ ಜಾಗವಿದೆ. ಆಮೇಲೆ ಪ್ರತಿ ಸಾಲಿನ ಮತವನ್ನು ಜನಸಂಖ್ಯೆಯಿಂದ ಗುಣಿಸಿ ಕೂಡಿ. ಮತ ಬದಲಿಸಬಹುದಾದ್ದರಿಂದ ಅಡುಗೆಯವರಿಗೆ ಹೇಳುವ ಹೊತ್ತಿಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕಮ್ಯುನಿಟಿಯ ದೊಡ್ಡ ಕೊರತೆ ನೆನಪಿನದು. ಒಳಗುಂಪಿಗೆ ಹೊಸದಾಗಿ ಸೇರಿದವರಿಗೆ ಹಳೆಯ ಮಾತುಕತೆ ತಾನಾಗಿ ಕಾಣುವುದಿಲ್ಲ. ಮೇಲೆಯೇ ಕಾಣುವಂತೆ ಪಿನ್ ಮಾಡಬಹುದಾದ ಸಂದೇಶ ಮೂರೇ, ಅದೂ ಹೆಚ್ಚೆಂದರೆ 30 ದಿನ. ಹಾಗಾಗಿ ಸದಸ್ಯತ್ವದ ಫಾರ್ಮು, ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ಎಂಬ ಪ್ರಶ್ನೆ ಪ್ರತಿ ತಿಂಗಳೂ ಹುಟ್ಟುತ್ತದೆ. ಟೆಲಿಗ್ರಾಂ ಇಲ್ಲಿ ನಿಜಕ್ಕೂ ಮೇಲು: ಹಳೆಯ ಸಂದೇಶವನ್ನು ಹೊಸಬರಿಗೂ ತೋರಿಸುವಂತೆ ಇಡಬಹುದು, ಗುಂಪಿನಲ್ಲಿ 2 ಲಕ್ಷ ಜನರವರೆಗೆ ಸೇರಬಹುದು. ಆದರೆ ಮಾಟುಂಗದ ಅಜ್ಜ ಅಜ್ಜಿಯರ ಫೋನಿನಲ್ಲಿರುವುದು ವಾಟ್ಸ್ಯಾಪ್. ಅವರನ್ನು ಬಿಟ್ಟು ಸಂಘ ಆ ಕಡೆ ಹೋಗಲಾಗದು.

ಅದಕ್ಕೇ ಕಡತಗಳನ್ನು ಗೂಗಲ್ ಡ್ರೈವ್‌ನ ಒಂದು ಫೋಲ್ಡರಿನಲ್ಲಿಟ್ಟು, ಕೊಂಡಿಯನ್ನು ಕಮ್ಯುನಿಟಿಯ ವಿವರಣೆಯಲ್ಲಿ ಹಾಕಿ. ಬಣ್ಣಬಣ್ಣದ ಆಮಂತ್ರಣದ ಚಿತ್ರವನ್ನು ಬರಿದೇ ಕಳಿಸಬೇಡಿ. ಕೆಳಗೆ ಕಾರ್ಯಕ್ರಮದ ಹೆಸರು, ದಿನಾಂಕ, ಗಂಟೆ, ಸಭಾಂಗಣ, ಹತ್ತಿರದ ಸ್ಟೇಷನ್, ಪೂರ್ವವೋ ಪಶ್ಚಿಮವೋ ಎಂಬುದನ್ನು ಅಕ್ಷರದಲ್ಲಿ ಬರೆಯಿರಿ. ಆಗ ಲೋಕಲ್‌ನಲ್ಲಿ ನಿಂತೇ ‘ಬಯಲಾಟ’ ಎಂದು ಹುಡುಕಿದವರಿಗೂ ವಿಳಾಸ ಸಿಗುತ್ತದೆ.