ಶಾರ್ಟ್‌ಕಟ್ ಫಂಕ್ಷನ್‌ಗಳು ಎಷ್ಟಿದ್ದರೆ ಸಾಕು? ಜಾಂಗೋ, ಲಾರಾವೆಲ್, ಫ್ಲಾಸ್ಕ್ ಬಳಸಿ ನೋಡಿದ ಮೇಲೆ

ಜಾಲತಾಣ ಕಟ್ಟಲು ಬಳಸುವ ಸಿದ್ಧ ಚೌಕಟ್ಟಾದ ಫ್ರೇಮ್‌ವರ್ಕ್‌ಗೆ ಇನ್ನಷ್ಟು ಶಾರ್ಟ್‌ಕಟ್ ಫಂಕ್ಷನ್‌ಗಳು (ಹಲವು ಸಾಲುಗಳ ಕೆಲಸವನ್ನು ಒಂದೇ ಕರೆಯಲ್ಲಿ ಮುಗಿಸುವಂಥವು) ಬೇಕೇ ಎಂಬ ಚರ್ಚೆ ಹೆಚ್ಚಾಗಿ ಎಷ್ಟು ಸಾಲು ಉಳಿಯಿತು ಎಂಬ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಕನ್ನಡ ಪುಸ್ತಕಗಳ ಪಟ್ಟಿ ತೋರಿಸುವ ಒಂದೇ ಸಣ್ಣ ತಾಣವನ್ನು ನಾನು ಪೈಥಾನ್ ಭಾಷೆಯ ಜಾಂಗೋ ಮತ್ತು ಫ್ಲಾಸ್ಕ್, ಪಿಎಚ್‌ಪಿ ಭಾಷೆಯ ಲಾರಾವೆಲ್ ಈ ಮೂರರಲ್ಲೂ ಕಟ್ಟಿ ನೋಡಿದೆ. ಕೇಳಿದ್ದು ಸಿಗದಿದ್ದಾಗ ಆ ಫಂಕ್ಷನ್ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ನನಗೆ ಸಾಲುಗಳಿಗಿಂತ ಮುಖ್ಯವೆನಿಸಿತು.

ಫ್ಲಾಸ್ಕ್ ಕೊಡುವುದು ಕಡಿಮೆ. ಡೇಟಾಬೇಸಿನ ಗೊಡವೆಯೇ ಅದಕ್ಕಿಲ್ಲ. ಪುಸ್ತಕವನ್ನು ಹುಡುಕಿ, ಸಿಗದಿದ್ದರೆ ಅಬಾರ್ಟ್(404) (‘ಸಿಗಲಿಲ್ಲ’ ಎಂಬ ಸಂಕೇತ ಕಳುಹಿಸಿ ನಿಲ್ಲಿಸು) ಎಂದು ನಾವೇ ಬರೆಯಬೇಕು. ಆ ಸಾಲು ಒಂದು ಕಡೆ ಬಿಟ್ಟುಹೋದರೂ ಪುಟದ ಅಚ್ಚಾದ ಜಿಂಜಾ ಟೆಂಪ್ಲೇಟ್ ದೂರುವುದಿಲ್ಲ: ಇಲ್ಲದ ಪುಸ್ತಕದ ಹೆಸರಿರಬೇಕಾದ ಜಾಗವನ್ನು ಖಾಲಿ ಬಿಟ್ಟು, ಎಲ್ಲವೂ ಸರಿಯಿದೆ ಎಂಬ 200ರ ಸಂಕೇತದೊಡನೆ ಪುಟವನ್ನು ಕಳುಹಿಸುತ್ತದೆ. ಡೇಟಾಬೇಸನ್ನು ಜೋಡಿಸುವ ಫ್ಲಾಸ್ಕ್-ಎಸ್‌ಕ್ಯೂಎಲ್‌ಆಲ್ಕೆಮಿ ಸೇರಿಸಿಕೊಂಡರೆ, ಕೇಳಿದ್ದು ಸಿಗದಾಗ ತಾನೇ 404 ಕೊಡುವ ಗೆಟ್_ಆರ್_404 ಸಿಗುತ್ತದೆ. ನನಗಂತೂ ಅದಿಲ್ಲದ ಫ್ಲಾಸ್ಕ್ ಬೇಡ.

ಲಾರಾವೆಲ್ ಇದಕ್ಕೆ ತದ್ವಿರುದ್ಧ. ವ್ಯೂ, ರಿಡೈರೆಕ್ಟ್, ನೌ, ಕಲೆಕ್ಟ್, ಅಬಾರ್ಟ್_ಇಫ್ ಮುಂತಾದವನ್ನೆಲ್ಲ ಯಾವ ಫೈಲಿನಲ್ಲಾದರೂ ಇಂಪೋರ್ಟ್ (ಎಲ್ಲಿಂದ ತಂದದ್ದು ಎಂದು ಹೇಳುವ ಸಾಲು) ಇಲ್ಲದೆ ಕರೆಯಬಹುದು. ವಿಳಾಸದಲ್ಲಿರುವ ಸಂಖ್ಯೆಯಿಂದ ಪುಸ್ತಕವನ್ನು ತಾನೇ ಹುಡುಕಿ ತರುತ್ತದೆ, ಇಲ್ಲದಿದ್ದರೆ ತಾನೇ 404 ಕೊಡುತ್ತದೆ. ಬರೆಯುವಾಗ ಹಿತ. ಬೇರೆಯವರ ಕೋಡ್ ಓದುವಾಗ ಮಾತ್ರ ಯಾವುದು ಫ್ರೇಮ್‌ವರ್ಕಿನದು, ಯಾವುದು ಆ ತಂಡದವರು ಬರೆದದ್ದು ಎಂದು ಪ್ರತಿ ಸಲ ತಡಕಾಡಬೇಕು. 2019ರಲ್ಲಿ ಬಂದ 6.0 ಆವೃತ್ತಿಯಲ್ಲಿ ಲಾರಾವೆಲ್ ತಂಡವೇ ಎಸ್‌ಟಿಆರ್_ ಮತ್ತು ಅರೇ_ ಎಂದು ಶುರುವಾಗುವ ಸಹಾಯಕ ಫಂಕ್ಷನ್‌ಗಳನ್ನು ಕಿತ್ತು ಬೇರೆ ಪ್ಯಾಕೇಜಿಗೆ ಸಾಗಿಸಿತು. ಸೇರಿಸುವುದು ಸುಲಭ. ತೆಗೆಯಹೊರಟರೆ ಅದನ್ನು ನಂಬಿದವರೆಲ್ಲ ತಮ್ಮ ಕೋಡ್ ತಿದ್ದಬೇಕಾಗುತ್ತದೆ.

ನನ್ನ ಮತ ಜಾಂಗೋಗೆ. ಅದರ ಶಾರ್ಟ್‌ಕಟ್ಸ್ ಮಾಡ್ಯೂಲ್‌ನಲ್ಲಿರುವುದು ಬೆರಳೆಣಿಕೆಯಷ್ಟು ಫಂಕ್ಷನ್‌ಗಳು, ಫೈಲಿನ ತಲೆಯಲ್ಲೇ ಇಂಪೋರ್ಟ್ ಆಗಿ ಕಣ್ಣಿಗೆ ಬೀಳುತ್ತವೆ. ಗೆಟ್_ಆಬ್ಜೆಕ್ಟ್_ಆರ್_404 ಎಂಬ ಹೆಸರಿನಲ್ಲೇ ಸಿಗದಿದ್ದರೆ ಏನಾಗುತ್ತದೆ ಎಂಬುದಿದೆ. ಒಂದರ ಬದಲು ಎರಡು ಪುಸ್ತಕ ಸಿಕ್ಕರೆ ಅದು ಯಾವುದೋ ಒಂದನ್ನು ಆರಿಸಿ ಕೊಡುವುದಿಲ್ಲ, ದೋಷವನ್ನು ಎತ್ತಿ ತೋರಿಸುತ್ತದೆ. ಟೆಂಪ್ಲೇಟಿನಿಂದ ಪುಟ ಮಾಡಿಕೊಡುತ್ತಿದ್ದ ಹಳೆಯ ರೆಂಡರ್_ಟು_ರೆಸ್ಪಾನ್ಸ್‌ನಲ್ಲಿ ತಪ್ಪನ್ನು ಎತ್ತಿ ತೋರಿಸುವ ಈ ಗುಣವಿರಲಿಲ್ಲ. ರಿಕ್ವೆಸ್ಟ್ (ಬ್ರೌಸರ್ ಕಳುಹಿಸಿದ ಕೋರಿಕೆ) ಅದರ ಕೈಗೆ ತಾನಾಗಿ ಸಿಗುತ್ತಿರಲಿಲ್ಲವಾದ್ದರಿಂದ, ಬೇರೆ ತಾಣಗಳಿಂದ ಬರುವ ನಕಲಿ ಕೋರಿಕೆಗಳನ್ನು ತಡೆಯಲು ಫಾರ್ಮಿನಲ್ಲಿಡುವ ಸಿಎಸ್‌ಆರ್‌ಎಫ್ ಟೋಕನ್ ಖಾಲಿಯಾಗಿ ಉಳಿಯುತ್ತಿತ್ತು. 2011ರ ಜಾಂಗೋ 1.3ರಲ್ಲಿ ಅದರ ಜಾಗಕ್ಕೆ ರೆಂಡರ್ ಬಂತು. ಹಳೆಯದನ್ನು ಪೂರ್ತಿ ತೆಗೆದದ್ದು 2019ರ 3.0ರಲ್ಲಿ. ಬೇರೆ ಪುಟಕ್ಕೆ ಕಳುಹಿಸುವ ರಿಡೈರೆಕ್ಟ್ ಬಗ್ಗೆ ನನಗೆ ಅಷ್ಟು ಒಲವಿಲ್ಲ: ಮಾಡೆಲ್ (ಡೇಟಾಬೇಸಿನ ಒಂದು ದಾಖಲೆ) ಕೊಟ್ಟರೂ, ವ್ಯೂ (ಪುಟ ತಯಾರಿಸುವ ಫಂಕ್ಷನ್) ಹೆಸರು ಕೊಟ್ಟರೂ, ವಿಳಾಸ ಕೊಟ್ಟರೂ ತಾನೇ ಊಹಿಸಿಕೊಳ್ಳುತ್ತದೆ.

ಜಾಂಗೋದಲ್ಲೂ ಕನ್ನಡಿಗರು ಎಚ್ಚರದಿಂದ ಬಳಸಬೇಕಾದ ಫಂಕ್ಷನ್ ಒಂದಿದೆ, ಸ್ಲಗಿಫೈ. ಅದು ಯುಟಿಲ್ಸ್ ಎಂಬ ಬೇರೆ ಮಾಡ್ಯೂಲ್‌ನಲ್ಲಿದ್ದರೂ ಅದರ ಕೆಲಸ ಶಾರ್ಟ್‌ಕಟ್‌ನದೇ: ಶೀರ್ಷಿಕೆಯಿಂದ ವಿಳಾಸದ ತುಣುಕು ಮಾಡಿಕೊಡುವುದು. ‘ಮೈಸೂರು’ ಎಂದು ಕೊಟ್ಟರೆ ಖಾಲಿ ಸ್ಟ್ರಿಂಗ್ ಬರುತ್ತದೆ. ಇಂಗ್ಲಿಷಲ್ಲದ ಅಕ್ಷರಗಳನ್ನೂ ಒಪ್ಪುವ ಅಲೌ_ಯೂನಿಕೋಡ್ ಆಯ್ಕೆಯನ್ನು ಟ್ರೂ ಮಾಡಿದರೆ ‘ಮಸರ’ ಬರುತ್ತದೆ. ಅಕ್ಷರಗಳ ಮಾದರಿ ಹುಡುಕುವ ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಷನ್‌ನಲ್ಲಿ ‘ಪದದ ಅಕ್ಷರ’ ಎಂಬ ಗುಂಪಿಗೆ ನಮ್ಮ ಸ್ವರಚಿಹ್ನೆಗಳು ಸೇರಿಲ್ಲ, ಒತ್ತಕ್ಷರಕ್ಕೆ ಬೇಕಾದ ವಿರಾಮ ಚಿಹ್ನೆಯೂ (ಹಲಂತ) ಸೇರಿಲ್ಲ. ‘ಪುಸ್ತಕ’ ಹೀಗೆಯೇ ‘ಪಸತಕ’ವಾಗುತ್ತದೆ. ಖಾಲಿ ಬಂದಾಗಲೂ ಚಿಹ್ನೆಗಳು ಉದುರಿದಾಗಲೂ ದೋಷದ ಸೂಚನೆ ಬರುವುದಿಲ್ಲ, ಕೊಟ್ಟದ್ದನ್ನು ತಾಣ ಹಾಗೆಯೇ ಉಳಿಸಿಕೊಳ್ಳುತ್ತದೆ.

ಹತ್ತು ಹೊಸ ಶಾರ್ಟ್‌ಕಟ್‌ಗಳಿಗಿಂತ ಈ ಒಂದು ಫಂಕ್ಷನ್ ನೆಟ್ಟಗಾಗುವುದನ್ನು ನಾನು ಬಯಸುತ್ತೇನೆ. ಸದ್ಯಕ್ಕೆ ನನ್ನ ತಾಣದಲ್ಲಿ ಯೂನಿಕೋಡಿನ ‘ಎಂ’ ವರ್ಗದ (ಮಾರ್ಕ್, ಅಂದರೆ ಅಕ್ಷರಕ್ಕೆ ಅಂಟುವ) ಚಿಹ್ನೆಗಳನ್ನು ಉಳಿಸಿಕೊಳ್ಳುವ ಫಂಕ್ಷನ್ ಒಂದನ್ನು ಬರೆದಿಟ್ಟುಕೊಂಡಿದ್ದೇನೆ. ಫಲಿತಾಂಶ ಖಾಲಿಯಾದರೆ ಅದು ವ್ಯಾಲ್ಯೂಎರರ್ ಎಂಬ ದೋಷವನ್ನು ಎಸೆಯುತ್ತದೆ.