ಒಂದೇ ಲ್ಯಾಪ್‌ಟಾಪ್, ಜಾಗಕ್ಕೊಂದು ಐಪಿ ವಿಳಾಸ: ನಾಲ್ಕು ವರ್ಷ ಬಳಸಿದ ನೆಟ್‌ಶ್ ಬ್ಯಾಚ್ ಫೈಲುಗಳು

ಕಾರವಾರದ ಬೈತಖೋಲ ಬಂದರಿನಿಂದ ಶಿರಸಿಯ ಅಡಿಕೆ ವಖಾರಿಗಳವರೆಗೆ ಸಿಸಿಟಿವಿ ಕ್ಯಾಮೆರಾ, ವೈರ್‌ಲೆಸ್ ರೇಡಿಯೊ ಮತ್ತು ರೂಟರುಗಳನ್ನು ಅಳವಡಿಸುವುದು, ಕೆಟ್ಟಾಗ ಸರಿಪಡಿಸುವುದು ನನ್ನ ಉದ್ಯೋಗ. ಈ ಕೆಲಸದಲ್ಲಿ ಲ್ಯಾಪ್‌ಟಾಪಿನ ಐಪಿ ವಿಳಾಸವನ್ನು, ಅಂದರೆ ಜಾಲದಲ್ಲಿ ಅದನ್ನು ಗುರುತಿಸುವ ಅಂಕಿಗಳನ್ನು, ದಿನಕ್ಕೆ ಐದಾರು ಬಾರಿಯಾದರೂ ಬದಲಿಸಬೇಕಾಗುತ್ತದೆ. ಪೆಟ್ಟಿಗೆಯಿಂದ ಆಗಷ್ಟೇ ತೆಗೆದ ಯುಬಿಕ್ವಿಟಿ ಏರ್‌ಮ್ಯಾಕ್ಸ್ ರೇಡಿಯೊ 192.168.1.20ರಲ್ಲಿರುತ್ತದೆ, ಹಿಕ್‌ವಿಷನ್ ಕ್ಯಾಮೆರಾ 192.168.1.64ರಲ್ಲಿ. ಗ್ರಾಹಕರ ಜಾಲ ಮಾತ್ರ ಹಲವು ಕಡೆ 10ರಿಂದ ಆರಂಭವಾಗುವ ಬೇರೆಯದೇ ವಿಳಾಸಗಳ ಸಾಲಿನಲ್ಲಿರುತ್ತದೆ. ಲ್ಯಾಪ್‌ಟಾಪನ್ನೂ ಅದೇ ಸಾಲಿಗೆ ತರದ ಹೊರತು ಉಪಕರಣದ ಪುಟ ತೆರೆಯುವುದಿಲ್ಲ.

ಇದಕ್ಕೆ ನಾನು ನಾಲ್ಕು ವರ್ಷಗಳಿಂದ ಬಳಸುತ್ತಿರುವುದು ವಿಂಡೋಸ್‌ನೊಳಗೇ ಇರುವ ನೆಟ್‌ಶ್ ಎಂಬ ಆಜ್ಞೆಯನ್ನು. ವಿಂಡೋಸ್ 2000ದ ಕಾಲದಿಂದಲೂ ಅದು ಇದೆ, ಬೇರೆ ಏನನ್ನೂ ಕೊಳ್ಳಬೇಕಾಗಿಲ್ಲ. ವಿಳಾಸ, ಸಬ್‌ನೆಟ್ ಮಾಸ್ಕ್ (ಜಾಲದ ವ್ಯಾಪ್ತಿ ಹೇಳುವ ಅಂಕಿ) ಮತ್ತು ಅಗತ್ಯವಿದ್ದರೆ ಗೇಟ್‌ವೇಯನ್ನು (ಜಾಲದಿಂದ ಹೊರಹೋಗುವ ದಾರಿಯ ವಿಳಾಸ) ಒಂದೇ ಸಾಲಿನಲ್ಲಿ ಬರೆದು ಬ್ಯಾಚ್ ಫೈಲಾಗಿ (ಕ್ಲಿಕ್ಕಿಸಿದರೆ ನಡೆಯುವ ಆಜ್ಞೆಗಳ ಕಡತ) ಉಳಿಸಿಕೊಂಡರೆ, ನಿಯಂತ್ರಣ ಫಲಕದ ನಾಲ್ಕೈದು ಕಿಟಕಿಗಳನ್ನು ದಾಟಿ ಅಂಕಿಗಳನ್ನು ಮತ್ತೆ ಮತ್ತೆ ಟೈಪಿಸುವ ಕಷ್ಟ ತಪ್ಪುತ್ತದೆ. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದು ಮಂಜುಗಡ್ಡೆ ಕಾರ್ಖಾನೆಯ ಕಂಬದ ಬುಡದಲ್ಲಿ ನಿಂತವನಿಗೆ ಇದು ಸಣ್ಣ ಅನುಕೂಲವಲ್ಲ.

ಮೊದಲು ನಾನು ಅದೇ ವಿಂಡೋಸ್‌ನ ಪರ್ಯಾಯ ಸಂರಚನೆಯನ್ನು ಪ್ರಯತ್ನಿಸಿದ್ದೆ. ರೂಟರಿನಿಂದ ತಾನಾಗಿ ವಿಳಾಸ ಸಿಗದಿದ್ದಾಗ ನಾವು ಮೊದಲೇ ಕೊಟ್ಟಿಟ್ಟ ವಿಳಾಸವನ್ನು ಅದು ಹಿಡಿಯುತ್ತದೆ. ಆದರೆ ಅಂತಹ ಪರ್ಯಾಯ ಒಂದನ್ನು ಮಾತ್ರ ಕೊಡಲು ಸಾಧ್ಯ. ಅಲ್ಲದೆ ಆ ಜಾಗದಲ್ಲಿ ವಿಳಾಸ ಹಂಚುವ ರೂಟರ್ ಇದ್ದರೆ ಅದು ಜಾರಿಗೇ ಬರುವುದಿಲ್ಲ. ಮನೆ ಮತ್ತು ಕಚೇರಿ ಎರಡೇ ಇರುವವರಿಗೆ ಅದು ಸಾಕು, ನನಗೆ ಸಾಲಲಿಲ್ಲ.

ಬ್ಯಾಚ್ ಫೈಲುಗಳು ಮೊದಲ ದಿನವೇ ಕೈಗೆ ಒಗ್ಗಿದವು ಎಂದು ಹೇಳಲಾರೆ. ನಿರ್ವಾಹಕರ ಅನುಮತಿಯಿಲ್ಲದೆ ಆಜ್ಞೆ ನಡೆಯುವುದಿಲ್ಲ. ಸುಮ್ಮನೆ ಎರಡು ಬಾರಿ ಕ್ಲಿಕ್ಕಿಸಿದರೆ ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಗುತ್ತದೆ ಮತ್ತು ವಿಳಾಸ ಬದಲಾಗಿದೆ ಎಂದು ನಾವು ನಂಬಿಬಿಡುತ್ತೇವೆ. ಈಗ ಪ್ರತಿ ಫೈಲಿಗೂ ಶಾರ್ಟ್‌ಕಟ್ ಮಾಡಿ, ನಿರ್ವಾಹಕರಾಗಿಯೇ ತೆರೆಯುವಂತೆ ಅದರ ಗುಣಲಕ್ಷಣಗಳಲ್ಲಿ ಗುರುತು ಹಾಕಿದ್ದೇನೆ, ಕೊನೆಯಲ್ಲಿ ಹೊಸ ವಿಳಾಸವನ್ನು ತೋರಿಸಿ ಕಿಟಕಿ ತೆರೆದೇ ಇರುವಂತೆಯೂ ಬರೆದಿದ್ದೇನೆ.

ಗೇಟ್‌ವೇ ವಿಷಯದಲ್ಲಿ ಬುದ್ಧಿ ಬರಲು ಹೆಚ್ಚು ಕಾಲ ಹಿಡಿಯಿತು. ಕ್ಯಾಮೆರಾಕ್ಕೆ ಕೇಬಲ್ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟಿನಿಂದ ಕೈಪಿಡಿ ಇಳಿಸಿಕೊಳ್ಳಲು ಹೋದರೆ ಅಂತರ್ಜಾಲವೇ ನಿಂತುಹೋಗುತ್ತಿತ್ತು. ಕೇಬಲಿಗೂ ಗೇಟ್‌ವೇ ಕೊಟ್ಟಿದ್ದರಿಂದ ವಿಂಡೋಸ್ ವೈಫೈಯನ್ನು ಬಿಟ್ಟು, ಎಲ್ಲಿಗೂ ದಾರಿಯಿಲ್ಲದ ಕ್ಯಾಮೆರಾದ ಕಡೆಗೇ ಎಲ್ಲವನ್ನೂ ಕಳುಹಿಸುತ್ತಿತ್ತು. ಉಪಕರಣಕ್ಕೆ ನೇರವಾಗಿ ಜೋಡಿಸುವ ಫೈಲುಗಳಲ್ಲಿ ಗೇಟ್‌ವೇಯ ಜಾಗವನ್ನು ಖಾಲಿ ಬಿಟ್ಟ ಮೇಲೆ ಈ ತೊಂದರೆ ಮತ್ತೆ ಬಂದಿಲ್ಲ. ಇದೇ ಬಗೆಯ ಇನ್ನೊಂದು ತೊಡಕು ಡಿಎನ್ಎಸ್‌ನದು, ಅಂದರೆ ಜಾಲತಾಣದ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯದು: ವಿಳಾಸವನ್ನು ಸ್ವಯಂಚಾಲಿತಕ್ಕೆ ಮರಳಿಸುವ ಆಜ್ಞೆ ಡಿಎನ್ಎಸ್ ಅನ್ನು ಮುಟ್ಟುವುದಿಲ್ಲ, ಅದಕ್ಕೆ ಬೇರೆಯೇ ಸಾಲು ಬೇಕು. ಅದನ್ನು ಮರೆತು ಮನೆಗೆ ಬಂದು, ರೂಟರನ್ನು ಮೂರು ಬಾರಿ ಆರಿಸಿ ಹಚ್ಚಿದ ರಾತ್ರಿಯೂ ಒಂದಿದೆ.

ದೊಡ್ಡ ತಪ್ಪು ನಡೆದದ್ದು ಶಿರಸಿಯ ಒಂದು ವಖಾರಿಯಲ್ಲಿ, ಅದು ಪೂರ್ತಿಯಾಗಿ ನನ್ನದೇ. ನನ್ನ ಎಲ್ಲ ಫೈಲುಗಳಲ್ಲಿ ಲ್ಯಾಪ್‌ಟಾಪಿನ ವಿಳಾಸ 50ರಲ್ಲಿ ಕೊನೆಯಾಗುತ್ತಿತ್ತು. ಊಟದ ಬಿಡುವಿನಲ್ಲಿ, ಆ ವಿಳಾಸದಲ್ಲಿ ಬೇರೆ ಯಂತ್ರವಿದೆಯೇ ಎಂದು ತಿಳಿಯಲು ಅದಕ್ಕೆ ಪಿಂಗ್ ಮಾಡಿದೆ. ಉತ್ತರ ಬಾರದ್ದರಿಂದ ಖಾಲಿಯಿದೆ ಎಂದು ಬಗೆದು, ಕ್ಯಾಮೆರಾಗಳ ದೃಶ್ಯ ದಾಖಲಿಸುವ ಡಿವಿಆರ್‌ನ ಕೆಲಸಕ್ಕೆ ಕುಳಿತೆ. ಗುಮಾಸ್ತರು ಮರಳಿ ಬಂದು, ಅದುವರೆಗೆ ಆರಿಸಿಟ್ಟಿದ್ದ ಬಿಲ್ಲಿನ ಪ್ರಿಂಟರನ್ನು ಚಾಲೂ ಮಾಡಿದರು. ಅದರ ವಿಳಾಸವೂ ಅದೇ ಆಗಿದ್ದರಿಂದ ಚೀಟಿಗಳು ಬರಲಿಲ್ಲ. ಚಾಲಿ ಅಡಿಕೆ ತೂಗಿಸಿ ಚೀಟಿಗಾಗಿ ನಿಂತವರ ಸಾಲು ಬೆಳೆಯುತ್ತಿದ್ದಂತೆ ಗುಮಾಸ್ತರು, “ಎಂತಾ ಆತು ಮಾರಾಯ್ರೆ, ಊಟಕ್ಕೆ ಹೋಗುವಾಗ ಸರಿ ಇತ್ತಲ” ಎಂದು ನನ್ನ ಕಡೆಗೇ ನೋಡಿದರು. ಕೇಬಲ್ ಕಿತ್ತ ಸ್ವಲ್ಪ ಹೊತ್ತಿನಲ್ಲಿ ಚೀಟಿಗಳು ಒಂದರ ಹಿಂದೊಂದು ಬಂದವು. ಆರಿಸಿಟ್ಟ ಯಂತ್ರ ಪಿಂಗ್‌ಗೆ ಉತ್ತರಿಸುವುದಿಲ್ಲವೆಂಬ ಸಾಮಾನ್ಯ ಸಂಗತಿ ನನಗೆ ಹೊಳೆದಿರಲಿಲ್ಲ. ಅಂದಿನಿಂದ ಪ್ರತಿ ಗ್ರಾಹಕರ ಜಾಲಕ್ಕೂ ಬೇರೆ ಫೈಲ್ ಇಟ್ಟು, ನನಗಾಗಿ ಕಾದಿರಿಸಿದ ವಿಳಾಸವನ್ನು ಆ ಫೈಲಿನಲ್ಲೂ ರೂಟರಿನ ಪೆಟ್ಟಿಗೆಯ ಒಳಬಾಗಿಲಿಗೆ ಅಂಟಿಸಿದ ಚೀಟಿಯಲ್ಲೂ ಬರೆಯುತ್ತೇನೆ.

ಇಷ್ಟಾದರೂ ಈ ವಿಧಾನವನ್ನು ಬಿಡದಿರಲು ಕಾರಣ, ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಅದು ಏನು ಮಾಡಲಿದೆ ಎಂಬುದು ಕಣ್ಣೆದುರಿಗೇ ಇರುವುದು. ಒಂದೇ ಅಡಾಪ್ಟರಿಗೆ (ಲ್ಯಾಪ್‌ಟಾಪನ್ನು ಜಾಲಕ್ಕೆ ಜೋಡಿಸುವ ಭಾಗ) ಎರಡು ಮೂರು ವಿಳಾಸಗಳನ್ನು ಸೇರಿಸಲೂ ನೆಟ್‌ಶ್ ಬಿಡುತ್ತದೆ. ಹಳೆಯ ರೇಡಿಯೊ ಒಂದು ಸಾಲಿನಲ್ಲಿ, ಹೊಸದು ಇನ್ನೊಂದು ಸಾಲಿನಲ್ಲಿ ಇದ್ದಾಗ ಎರಡರ ಪುಟವನ್ನೂ ಅಕ್ಕಪಕ್ಕ ತೆರೆದು ಹೋಲಿಸಿಕೊಳ್ಳಬಹುದು.

ಬಗೆಹರಿಯದೆ ಉಳಿದಿರುವುದು ಅಡಾಪ್ಟರಿನ ಹೆಸರಿನ ತಾಪತ್ರಯ. ನನ್ನ ಲ್ಯಾಪ್‌ಟಾಪಿನಲ್ಲಿ ಕೇಬಲಿನ ಜಾಗವಿಲ್ಲ, ಯುಎಸ್‌ಬಿ ಅಡಾಪ್ಟರೇ ಗತಿ. ಕರಾವಳಿಯ ಉಪ್ಪುಗಾಳಿಗೆ ಅದರ ಪಿನ್ನುಗಳು ಕಿಲುಬು ಹಿಡಿಯುವುದರಿಂದ ಆಗಾಗ ಹೊಸದು ಕೊಳ್ಳಬೇಕಾಗುತ್ತದೆ. ಪ್ರತಿ ಹೊಸದಕ್ಕೂ ವಿಂಡೋಸ್ ‘ಈಥರ್ನೆಟ್ 2’, ‘ಈಥರ್ನೆಟ್ 3’ ಎಂದು ಬೇರೆ ಹೆಸರಿಡುತ್ತದೆ, ಫೈಲುಗಳು ಹಳೆಯ ಹೆಸರನ್ನೇ ಹುಡುಕುತ್ತವೆ. ಹಾಗಾಗಿ ಹೊಸ ಅಡಾಪ್ಟರ್ ಸಿಕ್ಕಿಸಿದೊಡನೆ ಹಳೆಯದರ ಹೆಸರನ್ನೇ ಅದಕ್ಕೆ ಇಡುತ್ತೇನೆ. ಹಳೆಯದು ತೆಗೆದಿಟ್ಟಿದ್ದರೂ ಆ ಹೆಸರು ಬಳಕೆಯಲ್ಲಿದೆ ಎಂದು ವಿಂಡೋಸ್ ಕೆಲವೊಮ್ಮೆ ತಗಾದೆ ತೆಗೆಯುತ್ತದೆ. ಆಗ ಡಿವೈಸ್ ಮ್ಯಾನೇಜರಿನಲ್ಲಿ ಮರೆಯಾಗಿರುವ ಸಾಧನಗಳನ್ನು ತೋರಿಸುವಂತೆ ಮಾಡಿ, ಹಳೆಯದನ್ನು ಅಳಿಸಿ ಮುಂದುವರಿಯಬೇಕು.